ಮಣ್ಣಿನ ನಾಯಿ ಮಣ್ಣು ಸೇರುತ್ತೆ, ಎಣ್ಣೆ ಬಾಟಲಿ ಎಲ್ಲಿಗೆ ಹೋಗುತ್ತೆ? ಬೆಟ್ಟದ ಮೇಲಿನ ಹರಕೆಗಳ ಬಗ್ಗೆ ಒಂದಿಷ್ಟು ಮಾಹಿತಿ

ನೆಲ್ಯಹುದಿಕೇರಿ: ಬೆಟ್ಟದ ದೇವರಿಗೆ ಹರಕೆ ಹೊತ್ತವರು ಮೊದಲು ಬಂದು ನಿಲ್ಲೋದು ಅಂಗಡಿ ಮುಂದೆ. ಒಂದು ಪ್ಯಾಕೆಟ್ ಊದುಬತ್ತಿ, ಕರ್ಪೂರ, ಸಣ್ಣ ಬಾಟಲಿ ಎಣ್ಣೆ, ಅರಿಶಿನ ಕುಂಕುಮದ ಪುಟ್ಟ ಕವರ್, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು. ಎಲ್ಲವೂ ಒಂದು ಚೀಲಕ್ಕೆ. ಬೆಟ್ಟ ಹತ್ತಿ, ಕೈಮುಗಿದು, ಇಳಿದು ಬರುವಾಗ ಕೈಯಲ್ಲಿ ಅರ್ಧ ಹೋಳು ಕಾಯಿ, ಎರಡು ಬಾಳೆಹಣ್ಣು ಇರುತ್ತೆ. ಮಿಕ್ಕಿದ್ದು ಮೇಲೆಯೇ ಉಳಿಯುತ್ತೆ.

ಅದರಲ್ಲಿ ತಪ್ಪೇನು ಅಂತ ಕೇಳಬಹುದು. ದೇವರಿಗೆ ಕೊಟ್ಟಿದ್ದು ದೇವರ ಹತ್ತಿರವೇ ಇರಬೇಕಲ್ವಾ, ನಮ್ಮ ಅಜ್ಜ ಅಜ್ಜಿಯೂ ಹಾಗೇ ಬಿಟ್ಟು ಬಂದವರಲ್ವಾ? ನಿಜ. ಬಿಟ್ಟು ಬರುವ ಪದ್ಧತಿ ಹಳೇದು. ಬದಲಾಗಿರೋದು ಬಿಟ್ಟು ಬರುವ ವಸ್ತು. ಈ ಒಂದು ಬದಲಾವಣೆಯಿಂದ ಬೆಟ್ಟದ ಮೇಲೆ ಏನಾಗ್ತಿದೆ, ಅದಕ್ಕೂ ನಮ್ಮ ಪೇಟೆಗೂ ಏನು ಸಂಬಂಧ ಅನ್ನೋದೇ ಈ ಬರಹದ ವಿಷಯ.

ಅಯ್ಯಪ್ಪನ ಕಾಡಿನ ನಾಯಿಗಳು

ಕೊಡಗಿನಲ್ಲಿ ಹರಕೆ ಅಂದರೆ ಮೊದಲು ನೆನಪಾಗೋದು ಅಯ್ಯಪ್ಪ ದೇವರ ಕಾಡಿನ ಮಣ್ಣಿನ ನಾಯಿಗಳು. ಇಲ್ಲಿನ ಅಯ್ಯಪ್ಪ ಬೇಟೆಯ ದೇವರು. ಬೇಟೆಗೆ ಹೋದವರು, ನಾಯಿ ಸಾಕಿದವರು, ಕಾಡಿನ ಭಯ ಇದ್ದವರು ಹರಕೆ ಹೊತ್ತು, ಕುಂಬಾರ ಸುಟ್ಟುಕೊಟ್ಟ ನಾಯಿಯನ್ನು ಮರದ ಬುಡದಲ್ಲಿ ಇಟ್ಟು ಬರ್ತಿದ್ದರು. ಕೆಲವು ಕಾಡುಗಳಲ್ಲಿ ತಲೆಮಾರುಗಳಿಂದ ಇಟ್ಟ ನಾಯಿಗಳು ರಾಶಿ ಬಿದ್ದಿವೆ. ಮೇಲಿನವು ಇನ್ನೂ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತವೆ, ಕೆಳಗಿನವು ಪಾಚಿ ಹಿಡಿದು, ಕಾಲು ಮುರಿದು, ಎಲೆಗೊಬ್ಬರದೊಳಗೆ ಅರ್ಧ ಹೂತಿರುತ್ತವೆ.

ಸುಟ್ಟ ಮಣ್ಣು ಮಳೆಗೆ ಕರಗಿಬಿಡುತ್ತೆ ಅಂತ ತಿಳಿಯಬೇಡಿ, ಅದು ಕರಗಲ್ಲ. ಒಡೆದು ಚೂರಾಗುತ್ತೆ, ಅಷ್ಟೆ. ಆ ಚೂರಿನಿಂದ ಬೇರಿಗೆ, ನೀರಿಗೆ, ಪ್ರಾಣಿಗೆ ಯಾವ ತೊಂದರೆಯೂ ಇಲ್ಲ. ಹಾಗಾಗಿ ಅದನ್ನು ಯಾರೂ ಎತ್ತಬೇಕಾಗಿ ಬರಲಿಲ್ಲ. ಎತ್ತಲೂಬಾರದು. ದೇವರಕಾಡಿನಿಂದ ಒಂದು ಒಣಕಡ್ಡಿಯನ್ನೂ ಮನೆಗೆ ತರಬಾರದು ಅನ್ನೋ ಕಟ್ಟಳೆ ನಮ್ಮಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಕಾಡು ಉಳಿದಿದ್ದೇ ಆ ಭಯದಿಂದ.

ಈಗ ಅದೇ ಕಟ್ಟಳೆಯನ್ನು ಎಣ್ಣೆ ಬಾಟಲಿಗೆ ಅನ್ವಯಿಸಿ ನೋಡಿ. ದೇವರ ಮುಂದೆ ಇಟ್ಟಿದ್ದು, ಮುಟ್ಟಬಾರದು. ಮುಟ್ಟದಿದ್ದರೆ ಅದು ತಾನಾಗಿ ಎಲ್ಲಿಗೂ ಹೋಗಲ್ಲ. ನೈಲಾನ್ ದಾರದ ಹಾರ, ಪ್ಲಾಸ್ಟಿಕ್ ಹೂವು, ಊದುಬತ್ತಿಯ ಮಿರಮಿರ ಕವರ್, ಕರ್ಪೂರದ ಡಬ್ಬಿ, ಅಲ್ಯೂಮಿನಿಯಂ ಬಟ್ಟಲಿನ ಪುಟ್ಟ ಮೇಣದಬತ್ತಿ ಎಲ್ಲ ವರ್ಷದಿಂದ ವರ್ಷಕ್ಕೆ ಅಲ್ಲೇ ಕೂಡುತ್ತಾ ಹೋಗುತ್ತೆ. ನಮ್ಮ ಹಿರಿಯರು ಬಿಟ್ಟು ಬಂದರು, ಮುಟ್ಟಲಿಲ್ಲ. ಎರಡೂ ಒಂದಕ್ಕೊಂದು ಹೊಂದುತ್ತಿದ್ದವು. ನಾವೂ ಬಿಟ್ಟು ಬರ್ತೀವಿ, ಮುಟ್ಟಲ್ಲ, ಆದರೆ ಈಗ ಹೊಂದುತ್ತಿಲ್ಲ.

ಮೊದಲೇ ಈ ಕಾಡುಗಳು ಸಣ್ಣದಾಗಿವೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳು ಲೆಕ್ಕದಲ್ಲಿವೆ, ನೂರಕ್ಕೂ ಹೆಚ್ಚು ಬೇರೆಬೇರೆ ದೇವರುಗಳ ಹೆಸರಿನಲ್ಲಿ. 1985ರ ಹೊತ್ತಿಗೆ ಅವುಗಳ ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರ್. 20ನೇ ಶತಮಾನದ ಆರಂಭದಲ್ಲಿ ಆರು ಸಾವಿರ ಹೆಕ್ಟೇರ್‌ಗೂ ಹೆಚ್ಚಿತ್ತು. 1905ರಿಂದ 80 ವರ್ಷ ಕಂದಾಯ ಇಲಾಖೆಯ ಕೈಯಲ್ಲಿದ್ದಾಗ ಒತ್ತುವರಿಯಾಗಿ ಅರ್ಧಕ್ಕಿಂತ ಹೆಚ್ಚು ಹೋಯ್ತು. ಈಗ ಉಳಿದಿರೋದರಲ್ಲಿ ಎಷ್ಟೋ ಕಾಡುಗಳು ಒಂದೆರಡು ಎಕರೆ. ಒಂದೆರಡು ಎಕರೆಯಲ್ಲಿ ಕಸ ಬಿದ್ದರೆ ಮರೆಯಾಗೋಕೆ ಜಾಗವೇ ಇಲ್ಲ.

ಪಾಂಡವರ ಮನೆ ಯಾರದ್ದು?

ದೇವರಕಾಡಿಗೆ ತಕ್ಕರಿದ್ದಾರೆ, ಸಮಿತಿ ಇದೆ, ಹಬ್ಬದ ದಿನ ಇದೆ. ಹೇಳಿದರೆ ಕೇಳುವವರಿದ್ದಾರೆ. ಯಾರೂ ಇಲ್ಲದ ಇನ್ನೊಂದು ಬಗೆಯ ಜಾಗ ನಮ್ಮ ಬೆಟ್ಟಗಳ ಮೇಲಿದೆ.

ಸೋಮವಾರಪೇಟೆಯಿಂದ ಆರೇಳು ಕಿ.ಮೀ. ದೂರದ ದೊಡ್ಡಮಳ್ತೆಗೆ ಹೋದವರು ಹೊನ್ನಮ್ಮನ ಕೆರೆ ನೋಡಿರ್ತೀರಿ. ನೀರು ಬರಲೆಂದು ತನ್ನನ್ನೇ ಕೊಟ್ಟುಕೊಂಡ ಹೊನ್ನಮ್ಮನಿಗೆ ಗೌರಿ ಹಬ್ಬದಲ್ಲಿ ಬಾಗಿನ ಬಿಡುವ ಕೆರೆ ಅದು. ಅದರ ಹತ್ತಿರದಲ್ಲೇ ಮೋರಿಬೆಟ್ಟ. ಅಲ್ಲಿ ದಪ್ಪ ಕಲ್ಲು ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಪುಟ್ಟ ಕಲ್ಮನೆಗಳಿವೆ. ಜನ ಪಾಂಡವರ ಮನೆ ಅಂತಾರೆ. ವನವಾಸದಲ್ಲಿ ಪಾಂಡವರು ಬಂದು ಇದ್ದರು ಅನ್ನೋ ಕಥೆ. ಕೊಡವ ಭಾಷೆಯಲ್ಲಿ ಇಂಥವಕ್ಕೆ ಪಾಂಡವ ಪಾರೆ ಅನ್ನೋ ಹೆಸರಿದೆ. ವಿರಾಜಪೇಟೆ ಕಡೆಯ ಇಂಥ ಕಲ್ಮನೆಗಳನ್ನು 1860ರ ದಶಕದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿಗಳು ಅಗೆಸಿ ನೋಡಿದ್ದರು. 1870ರಲ್ಲಿ ರಿಕ್ಟರ್ ಬರೆದ ಕೊಡಗಿನ ಕೈಪಿಡಿಯಲ್ಲಿ ಅದರ ವಿವರ ಇದೆ.

ಅವು ಮನೆಗಳಲ್ಲ, ಸಮಾಧಿಗಳು. ದಕ್ಷಿಣ ಭಾರತದಲ್ಲಿ ಕಬ್ಬಿಣ ಬಳಕೆಗೆ ಬಂದ ಕಾಲದ ಜನ ಸತ್ತವರಿಗಾಗಿ ಕಟ್ಟಿದ್ದು. ಸ್ಥೂಲವಾಗಿ ಎರಡು ಸಾವಿರದಿಂದ ಮೂರು ಸಾವಿರ ವರ್ಷ ಹಳೇದು. ಒಳಗೆ ಕಪ್ಪು ಮತ್ತು ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಹತಾರ, ಮೂಳೆ ಚೂರುಗಳು ಸಿಗುತ್ತವೆ. ಕೆಲವಕ್ಕೆ ಎದುರಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇರುತ್ತೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲೆ ಇಂಥವು ನೂರಾರು ಇವೆ, 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಅಲ್ಲಿನ ಜನ ಅದನ್ನು ಕರೆಯೋದು ಮೋರ್ಯರ ಗುಡ್ಡ ಅಂತ. ಮೋರ್ಯರು ಅಂದರೆ ಹಿಂದಿದ್ದ ಕುಳ್ಳ ಜನ ಅನ್ನೋ ನಂಬಿಕೆ. ನಮ್ಮ ಮೋರಿಬೆಟ್ಟದ ಹೆಸರಿಗೂ ಅದಕ್ಕೂ ನಂಟಿರಬಹುದೇನೋ ಅಂತ ನನಗೆ ಅನ್ನಿಸುತ್ತೆ. ಆ ಚರ್ಚೆ ಇನ್ನೊಮ್ಮೆ ಮಾಡೋಣ.

ಸಮಾಧಿಗೆ ಮುಂದೆ ನಿಂತವರಿಗೆ ಏನಾದರೂ ಇಡಬೇಕು ಅನ್ನಿಸೋದು ಸಹಜ. ನಮ್ಮಲ್ಲಿ ಕಾರಣವರಿಗೆ ಮೀದಿ ಇಡೋದಿಲ್ವಾ? ಹಾಗೆ ಒಬ್ಬರು ಕಿಂಡಿಯೊಳಗೆ ನಾಣ್ಯ ಹಾಕ್ತಾರೆ, ಇನ್ನೊಬ್ಬರು ಒಳಗೆ ದೀಪ ಹಚ್ಚಿ ಫೋಟೋ ತೆಗೀತಾರೆ, ಮತ್ತೊಬ್ಬರು ಕುಂಕುಮ ಬಳೀತಾರೆ. ಕೆಟ್ಟ ಉದ್ದೇಶ ಯಾರಿಗೂ ಇಲ್ಲ. ಆದರೆ ಆಗುವ ಹಾನಿ ಹೀಗಿದೆ.

ಬೆಂಕಿಯ ಶಾಖಕ್ಕೆ ಕಲ್ಲಿನ ಹೊರಪದರ ಮೊದಲು ಹಿಗ್ಗುತ್ತೆ, ಒಳಭಾಗ ತಣ್ಣಗೇ ಇರುತ್ತೆ. ಪದೇ ಪದೇ ಹೀಗಾದರೆ ಮೇಲಿನ ಪದರ ಹಕ್ಕಳೆಯಂತೆ ಎದ್ದು ಬರುತ್ತೆ. ಕರ್ಪೂರದ ಮಸಿ, ಎಣ್ಣೆ, ಮೇಣ ಕಲ್ಲಿನ ಸೂಕ್ಷ್ಮ ರಂಧ್ರಗಳಿಗೆ ಇಳಿದರೆ ತೊಳೆದು ತೆಗೆಯೋದು ಕಷ್ಟ. ಸೋಪು ಹಾಕಿ ಉಜ್ಜಿದರಂತೂ ಇನ್ನೂ ಕೆಡುತ್ತೆ. ಹಿಂದೆ ಕುಂಕುಮ ಅಂದರೆ ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ್ದು. ಈಗ ಪೇಟೆಯಲ್ಲಿ ಸಿಗೋದರಲ್ಲಿ ಬಹುಪಾಲು ರಾಸಾಯನಿಕ ಬಣ್ಣ, ಕಲ್ಲಿಗೆ ಹಿಡಿದರೆ ಬಿಡೋದಿಲ್ಲ. ಕೊಡಗಿನ ಮಳೆ ಎಲ್ಲ ತೊಳೆಯುತ್ತೆ ಬಿಡಿ ಅಂತ ಹೇಳೋರಿದ್ದಾರೆ. ಕಲ್ಮನೆಯ ಒಳಗೆ ಮಳೆ ಬೀಳೋದಿಲ್ಲವಲ್ಲ!

ನಾಣ್ಯದ ತೊಂದರೆ ಬೇರೆ. ಒಂದು ಜಾಗ ಯಾವ ಕಾಲದ್ದು ಅಂತ ತಿಳಿಯೋಕೆ ಮಣ್ಣಿನ ಯಾವ ಪದರದಲ್ಲಿ ಏನು ಸಿಕ್ಕಿತು ಅನ್ನೋದು ಮುಖ್ಯ. ಹೊಸ ವಸ್ತು ಹಳೆಯದರ ಜೊತೆ ಬೆರೆತು, ಯಾರೋ ಕೈ ಹಾಕಿ ಮಣ್ಣು ಕೆದಕಿದರೆ ಆ ಲೆಕ್ಕವೇ ಹೋಗುತ್ತೆ. ನಾಣ್ಯ ಕಂಡು ನಿಧಿ ಇದೆ ಅಂತ ಅಗೆಯುವವರ ಕಾಟವೂ ಇದ್ದದ್ದೇ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡೋದು, ಎಲ್ಲಕ್ಕಿಂತ ನಿರಪಾಯ ಅಂತ ಕಾಣುವ ಹರಕೆ: ಕಲ್ಲಿನ ಮೇಲೆ ಕಲ್ಲು ಇಡೋದು. ಬೆಟ್ಟದ ದೇವಸ್ಥಾನಗಳ ದಾರಿಯಲ್ಲಿ ಪುಟ್ಟ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ, ಸ್ವಂತ ಮನೆ ಆಗಲಿ ಅಂತ ಬೇಡೋದನ್ನು ನೀವು ನೋಡಿದ್ದೀರಿ. ಮೂರು ಕಲ್ಲಿಟ್ಟರೆ ಮೂರು ಅಂತಸ್ತು. ಮನಸ್ಸಿಗೆ ಹಿತ, ಖರ್ಚೂ ಇಲ್ಲ. ಬೆಟ್ಟ ಹತ್ತಲು ಬರುವ ಪ್ರವಾಸಿಗರಿಗೂ ಇದೇ ಚಟ, ಅವರಿಗೆ ಫೋಟೋ ಬೇಕು. ಆದರೆ ಆ ಕಲ್ಲು ಎಲ್ಲಿಂದ ಬಂತು? ಎಷ್ಟೋ ಕಡೆ ಹಳೇ ಸಮಾಧಿಗಳ ಸುತ್ತ ಕಲ್ಲುಗಳ ವೃತ್ತ ಇರುತ್ತೆ, ಮೇಲೆ ಸಣ್ಣ ಕಲ್ಲುಗಳ ಗುಪ್ಪೆ ಇರುತ್ತೆ. ನೋಡೋಕೆ ಸುಮ್ಮನೆ ಬಿದ್ದ ಕಲ್ಲುಗಳಂತೆ ಕಾಣುತ್ತೆ, ಅಷ್ಟೆ. ಎರಡು ಸಾವಿರ ವರ್ಷ ಇದ್ದಲ್ಲೇ ಇದ್ದ ಕಲ್ಲನ್ನು ಒಬ್ಬರು ಎತ್ತಿ ಹತ್ತಡಿ ಆಚೆ ಪೇರಿಸಿದರೆ ಆ ಸಮಾಧಿಯ ಒಂದು ತುಂಡು ಹೋದ ಹಾಗೆ. ನೂರು ಜನ ಮಾಡಿದರೆ ಅಲ್ಲೊಂದು ಸಮಾಧಿ ಇತ್ತು ಅನ್ನೋದೇ ಗೊತ್ತಾಗಲ್ಲ.

ಇಂಗ್ಲೆಂಡಿನಲ್ಲೂ ಇದೇ ಪಾಡು

ಇದು ನಮ್ಮ ಜನಕ್ಕೆ ಮಾತ್ರ ಇರುವ ಬುದ್ಧಿ ಅಂತ ಬೈದುಕೊಳ್ಳಬೇಕಾಗಿಲ್ಲ. ಕ್ರೈಸ್ತ ಧರ್ಮಕ್ಕಿಂತ ಹಿಂದಿನ ದೇವರುಗಳನ್ನು, ಪ್ರಕೃತಿಯನ್ನು ಹೊಸದಾಗಿ ಪೂಜಿಸುವ ಪೇಗನ್ ಅನ್ನೋ ಜನ ಬ್ರಿಟನ್ನಿನಲ್ಲಿದ್ದಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74,000 ಮಂದಿ ತಮ್ಮ ಧರ್ಮ ಪೇಗನ್ ಅಂತ ಬರೆಸಿದರು. ಅವರೂ, ಅವರನ್ನು ನೋಡಿ ಕಲಿತ ಪ್ರವಾಸಿಗರೂ ಹಳೇ ಕಲ್ಲು ಸಮಾಧಿಗಳಿಗೆ ಹೋಗಿ ಹೂವು, ಹಣ್ಣು, ಹರಳು, ರಿಬ್ಬನ್, ಮೇಣದಬತ್ತಿ ಇಡ್ತಾರೆ. ಏವ್‌ಬರಿ ಹತ್ತಿರ ದಿಣ್ಣೆಯ ಮೇಲಿರುವ ವೆಸ್ಟ್ ಕೆನೆಟ್ ಸಮಾಧಿ ಐದೂವರೆ ಸಾವಿರ ವರ್ಷ ಹಳೇದು. ಅದರೊಳಗಿನ ಕಲ್ಲಿಗೆ ಮೇಣ, ಮಸಿ ಹಿಡಿದು ತಲೆನೋವಾಗಿದೆ. ಕಾರ್ನ್‌ವಾಲ್‌ನಲ್ಲಿ ಪವಿತ್ರ ಬಾವಿ ಪಕ್ಕದ ಮರಕ್ಕೆ ಬಟ್ಟೆ ಚೂರು ಕಟ್ಟುವ ಹಳೇ ಪದ್ಧತಿ ಇದೆ. ಬಟ್ಟೆ ಕೊಳೆತು ಬಿದ್ದಂತೆ ಕಾಯಿಲೆಯೂ ಹೋಗುತ್ತೆ ಅಂತ ನಂಬಿಕೆ. ಈಗ ಕಟ್ಟೋದು ನೈಲಾನ್. ಅದು ಕೊಳೆಯಲ್ಲ, ಕೊಂಬೆಯ ಕತ್ತು ಹಿಸುಕುತ್ತೆ. ಹರಕೆಯ ಅರ್ಥವೇ ತಲೆಕೆಳಗಾಯ್ತು ನೋಡಿ.

ಅಲ್ಲಿಂದ ನಮಗೆ ಉಪಯೋಗಕ್ಕೆ ಬರುವ ಸಂಗತಿ ಇನ್ನೊಂದಿದೆ. ಸ್ಕಾಟ್ಲೆಂಡಿನ ಮನ್‌ಲಾಕಿ ಅನ್ನೋ ಊರಿನ ಇಂಥದ್ದೇ ಒಂದು ಬಾವಿಯ ಬಳಿ 2022ರ ಜನವರಿಯಲ್ಲಿ ಯಾರೋ ಕಟ್ಟಿದ ಬಟ್ಟೆಗಳನ್ನೆಲ್ಲ ಕಿತ್ತು ಸ್ವಚ್ಛ ಮಾಡಿದರು. ಊರವರು ಸಂತೋಷಪಡಲಿಲ್ಲ, ಬೇಜಾರು ಮಾಡಿಕೊಂಡರು. ಬೇರೆಯವರ ಹರಕೆ ಕಿತ್ತರೆ ಅವರ ಕಷ್ಟ ಕಿತ್ತವರಿಗೆ ಬರುತ್ತೆ ಅಂತ ಅಲ್ಲೂ ಹೇಳ್ತಾರೆ. ಕಾರ್ನ್‌ವಾಲ್‌ನಲ್ಲಿ ದಾರಿ ಬೇರೆ: ಹಳೇ ಜಾಗಗಳನ್ನು ಪ್ರೀತಿಸುವವರೇ ಗುಂಪು ಕಟ್ಟಿಕೊಂಡು, ಕೊಳೆಯುವುದನ್ನು ಬಿಟ್ಟು ಕೊಳೆಯದ್ದನ್ನು ಮಾತ್ರ ತೆಗೀತಾರೆ. ನಮ್ಮಲ್ಲೂ ಹೊರಗಿನಿಂದ ಬಂದ ಸ್ವಚ್ಛತಾ ತಂಡ ದೇವರಕಾಡಿಗೆ ನುಗ್ಗಿ ಎಲ್ಲವನ್ನೂ ಗೋಣಿಗೆ ತುಂಬಿದರೆ ಜಗಳ ಗ್ಯಾರಂಟಿ, ಮಣ್ಣಿನ ನಾಯಿಗಳೂ ಕಸದ ಜೊತೆ ಹೋದಾವು. ತಕ್ಕರು ಮುಂದೆ ನಿಂತು, ದೇವರಲ್ಲಿ ಅಪ್ಪಣೆ ಕೇಳಿ, ಇದು ಹರಕೆ ಇದು ಕವರ್ ಅಂತ ವಿಂಗಡಿಸಿ ತೆಗೆಸಿದರೆ ಯಾರಿಗೂ ನೋವಾಗಲ್ಲ. ಈ ಕೆಲಸ ಅವರೇ ಮಾಡಬೇಕು.

ಆನೆಗೆ ಕವರ್ ಬಿಚ್ಚಲು ಬರಲ್ಲ

ನಮ್ಮ ಕಡೆ ಆನೆ ವಿಷಯ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಬೆಳಿಗ್ಗೆ ತೋಟಕ್ಕೆ ಹೋಗುವ ಕಾರ್ಮಿಕರು, ಶಾಲೆ ಮಕ್ಕಳು ಜೀವ ಕೈಯಲ್ಲಿ ಹಿಡಿದು ನಡೆಯುವ ಊರು ಇದು. ಬೆಲ್ಲ, ಬಾಳೆಹಣ್ಣು, ಕಾಯಿ, ಅಕ್ಕಿ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕರೆ ಆನೆ ಆ ಜಾಗ ಮರೆಯಲ್ಲ. ಕವರ್ ಸಮೇತ ಇಟ್ಟರೆ ಕವರ್ ಸಮೇತ ತಿನ್ನುತ್ತೆ. ಉತ್ತರಾಖಂಡದ ಕಾಡಂಚಿನಲ್ಲಿ ಆನೆ ಲದ್ದಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ಲಾಸ್ಟಿಕ್ ಚೂರುಗಳು ಸಿಕ್ಕಿದ್ದವು. ನೈವೇದ್ಯ ತೋರಿಸಿ, ಹಂಚಿ, ತಿಂದು ಬರೋದು ನಮ್ಮ ಹಳೇ ಕ್ರಮವೇ. ಮೀದಿ ಇಟ್ಟ ಎಡೆಯನ್ನೂ ಮನೆಯವರು ಹಂಚಿಕೊಂಡು ತಿನ್ನೋದೇ ತಾನೇ? ಪೂರ್ತಿ ಚಿಪ್ಪು ಅಲ್ಲೇ ಬಿಡಬೇಕು ಅಂತ ಯಾವ ದೇವರೂ ಹೇಳಿಲ್ಲ.

ಬಾಟಲಿ ಇನ್ನೂ ಅಪಾಯ. ಕೆಲವು ದೈವಗಳಿಗೆ ಮದ್ಯ ಸಲ್ಲುತ್ತೆ, ಅದು ಪದ್ಧತಿ. ಸಲ್ಲೋದು ಒಳಗಿನದ್ದು, ಗಾಜು ಅಲ್ಲ. ಒಡೆದ ಗಾಜು ಆನೆಯ ಪಾದಕ್ಕೆ ಹೊಕ್ಕರೆ ಗಾಯ ಕೀವಾಗಿ ಪ್ರಾಣಕ್ಕೇ ಬರುತ್ತೆ. ಪಕ್ಕದ ನೀಲಗಿರಿಯಲ್ಲಿ ಇದೇ ಕಾರಣಕ್ಕೆ ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದು, 2022ರಿಂದ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದುಕೊಟ್ಟರೆ ಆ 10 ರೂಪಾಯಿ ವಾಪಸ್ ಕೊಡುವ ವ್ಯವಸ್ಥೆ ಬಂತು.

ಅಷ್ಟೇ ಅಲ್ಲ. ಬೆಟ್ಟದ ಮೇಲಿಟ್ಟಿದ್ದು ಜೂನ್ ಜುಲೈನಲ್ಲಿ ತೊರೆಗೆ ಇಳಿಯುತ್ತೆ, ತೊರೆ ಹೊಳೆಗೆ. ನಾವಿರೋದು ಹೊಳೆ ದಡದಲ್ಲಿ. 2019ರ ಆಗಸ್ಟ್‌ನಲ್ಲಿ ಕಾವೇರಿ ನುಗ್ಗಿ ಕುಂಬಾರಗುಂಡಿ, ಬೆಟ್ಟದಕಾಡಿನ ಮನೆಗಳು ಹೋದವು. ನೀರು ಇಳಿದ ಮೇಲೆ ಬೇಲಿಗೂ ಕಾಫಿ ಗಿಡಕ್ಕೂ ಸಿಕ್ಕಿಕೊಂಡು ನೇತಾಡುತ್ತಿದ್ದದ್ದು ಏನು ಅಂತ ನೋಡಿದವರಿಗೆ ನೆನಪಿದೆ. ಕುಂಬಾರಗುಂಡಿ ಅನ್ನೋ ಹೆಸರಿನಲ್ಲೇ ಕುಂಬಾರ ಇದ್ದಾನೆ; ಇವತ್ತು ಮಣ್ಣಿನ ಹಣತೆ ಬೇಕು ಅಂದರೆ ಪೇಟೆಯಲ್ಲಿ ದೀಪಾವಳಿ ಬಿಟ್ಟು ಬೇರೆ ದಿನ ಹುಡುಕಬೇಕು.

ಅಂಗಡಿಯವರು ಏನು ಮಾಡಬಹುದು, ಕಾನೂನು ಏನು ಹೇಳುತ್ತೆ

ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿತ ಅಂತ ಘೋಷಿಸಿದ ಜಾಗದಲ್ಲಿ ನೀಲಿ ಫಲಕ ಇರುತ್ತೆ. ಅಲ್ಲಿ ಕಲ್ಲು ಕೀಳೋದು, ಬಣ್ಣ ಬಳಿಯೋದು, ಹಾನಿ ಮಾಡೋದು 1958ರ ಕಾಯ್ದೆ ಪ್ರಕಾರ ಅಪರಾಧ. 2010ರ ತಿದ್ದುಪಡಿ ನಂತರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಫಲಕ ಇಲ್ಲದ ಕಲ್ಮನೆಗಳೂ ಬೇಕಾದಷ್ಟಿವೆ, ಕೆಲವು ತೋಟದೊಳಗೇ ಇರುತ್ತವೆ. ಅವಕ್ಕೆ ಕಾವಲು ಅಂದರೆ ತೋಟದವರ, ಊರವರ ತಿಳಿವಳಿಕೆ ಮಾತ್ರ. ವನ್ಯಜೀವಿ ಧಾಮದ ಒಳಗೆ ಬೆಂಕಿ ಹಚ್ಚೋದಕ್ಕೂ ನಿಷೇಧ ಇದೆ. ಫೆಬ್ರವರಿ ನಂತರ ಒಣಹುಲ್ಲಿನ ಬೆಟ್ಟದಲ್ಲಿ ಉರಿಯುವ ಬತ್ತಿ ಬಿಟ್ಟು ಬಂದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಥರ್ಮೋಕೋಲ್‌ಗೆ ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ನಿಷೇಧ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ದೇಶದಲ್ಲೇ ನಿಷೇಧ ಬಂತು. ಮಾರಿದವರಿಗೂ ದಂಡ. ಆದರೆ ಊದುಬತ್ತಿಯ ಕವರ್, ಎಣ್ಣೆ ಬಾಟಲಿ, ಕರ್ಪೂರದ ಡಬ್ಬಿ ಈ ಪಟ್ಟಿಯಲ್ಲಿಲ್ಲ. ಬೆಟ್ಟದ ಮೇಲೆ ಉಳಿಯೋದು ಮುಖ್ಯವಾಗಿ ಇವೇ. ಹಾಗಾಗಿ ಕಾನೂನು ಒಂದನ್ನೇ ನಂಬಿ ಕೂರುವಂತಿಲ್ಲ.

ವ್ಯಾಪಾರ ಬಿಡಿ ಅಂತ ಯಾರೂ ಹೇಳ್ತಿಲ್ಲ. ಊದುಬತ್ತಿಯನ್ನು ಬಿಡಿಯಾಗಿ ಎಣಿಸಿ ಪೇಪರಿನಲ್ಲಿ ಸುತ್ತಿ ಕೊಡಬಹುದು, ಹಿಂದೆ ಹಾಗೇ ಕೊಡ್ತಿದ್ದರು. ಹಾರ ಬಾಳೆನಾರಿನದ್ದು ಇಡಬಹುದು. ತಟ್ಟೆ ಬೇಕಾದವರಿಗೆ ಅಡಿಕೆ ಹಾಳೆಯದ್ದು ಇದೆ. ಬಾಗಿನಕ್ಕೆ ಪ್ಲಾಸ್ಟಿಕ್ ಮೊರವೂ ಅಂಗಡಿಗೆ ಬಂದುಬಿಟ್ಟಿದೆ, ಅದನ್ನು ಒಳಗಿಟ್ಟು ಬಿದಿರಿನದ್ದನ್ನು ಮುಂದೆ ತೂಗುಹಾಕಬಹುದು. ಬಿದಿರು ಹೆಣೆಯುವವರಿಗೂ ನಾಲ್ಕು ಕಾಸು. ಎಣ್ಣೆಗೆ ನೀಲಗಿರಿಯ ಉಪಾಯವೇ ಸಾಕು: ಬಾಟಲಿಗೆ ಐದೋ ಹತ್ತೋ ರೂಪಾಯಿ ಮುಂಗಡ ಹಿಡಿದುಕೊಂಡು, ಖಾಲಿ ತಂದವರಿಗೆ ವಾಪಸ್ ಕೊಡೋದು. ಒಂದು ಅಂಗಡಿ ಮಾಡಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾರೆ ಅನ್ನೋ ಅಳುಕು ಸರಿಯಾದದ್ದೇ. ಅದಕ್ಕೇ ಪೇಟೆಯವರೆಲ್ಲ ಕೂತು ಒಂದೇ ಸಲ ತೀರ್ಮಾನ ಮಾಡಬೇಕು.

ದೇವಸ್ಥಾನ ಸಮಿತಿಗಳು ಹಬ್ಬಕ್ಕೆ ಹದಿನೈದು ದಿನ ಮುಂಚೆಯೇ ಏನು ತರಬಹುದು, ಏನು ಬೇಡ ಅಂತ ಚೀಟಿ ಬರೆದು ಅಂಗಡಿಗಳಿಗೆ ಕೊಟ್ಟರೆ ಇನ್ನೂ ಸುಲಭ. ಹಬ್ಬದ ದಿನ ಬೆಟ್ಟದ ಬುಡದಲ್ಲಿ ನಿಂತು ಭಕ್ತರ ಚೀಲ ತಪಾಸಣೆ ಮಾಡಿದರೆ ಜಗಳ ಆಗುತ್ತೆ, ಅಂಗಡಿಯಲ್ಲೇ ಇಲ್ಲದ ವಸ್ತುವಿಗೆ ಜಗಳ ಇಲ್ಲ. ಗೌರಿ ಹಬ್ಬದ ಸಾಮಾನಿಗೆ ಅಂಗಡಿಯವರು ಮೈಸೂರಿಗೆ ಆರ್ಡರ್ ಕೊಡೋದು ತಿಂಗಳ ಮೊದಲೇ. ಚೀಟಿ ತಲುಪಬೇಕಾದ್ದು ಅದಕ್ಕಿಂತ ಮುಂಚೆ.